ನೆಲದಿಂದ ಒಂದಡಿ ಮೇಲೆ

ಮುಳ್ಳುತಂತಿಯ ಕೆಳಗಿನ ಎಳೆಯಲ್ಲಿ, ಕಲ್ಲುಕಂಬದಿಂದ ಎರಡು ಗೇಣು ದೂರದ ಒಂದು ಮುಳ್ಳಿಗೆ, ಬೂದುಬಣ್ಣದ ಏಳೆಂಟು ಕೂದಲು ಸಿಕ್ಕಿಕೊಂಡಿದ್ದವು. ಅವುಗಳ ಬುಡದಲ್ಲಿ ಒಣಗಿದ ಚರ್ಮದ ಚೂರೊಂದಿತ್ತು. ಕುರಿಯ ಉಣ್ಣೆಯಲ್ಲ, ನಾಯಿಯ ಕೂದಲಿನಷ್ಟು ಒರಟೂ ಅಲ್ಲ. ಎಳೆ ನೆಲದಿಂದ ಆರು ಅಂಗುಲ ಮೇಲಿತ್ತು. ಅದರಡಿಯಲ್ಲಿ ಮಣ್ಣು ಕೆರೆದ ಗುರುತಿತ್ತು. ಕಲ್ಲು ಸಿಕ್ಕಿದ ಕಡೆ ಕೆರೆತ ನಿಂತಿತ್ತು.

ಆ ಬೇಲಿ ಹಾಕಿಸುತ್ತಿದ್ದವಳು ನಾನೇ. ಇನ್ನೂ ಕಾಲು ಭಾಗವೂ ಮುಗಿದಿರಲಿಲ್ಲ.

ಜಾಗ ಇರುವುದು ತೂಬಗೆರೆ ಹೋಬಳಿಯಲ್ಲಿ, ಮಾಕಳಿದುರ್ಗದ ಬೆಟ್ಟ ಕಾಣುವಷ್ಟು ದೂರದಲ್ಲಿ. ಊರವರು ಅದನ್ನು ಕಾವಲು ಎನ್ನುತ್ತಾರೆ. ಬಂಡೆಗಳ ನಡುವೆ ಹುಲ್ಲು ಬೆಳೆದ ಇಳಿಜಾರು, ಅಲ್ಲಲ್ಲಿ ಬಂದರೆ ಎಂಬ ಕುರುಚಲು ಗಿಡ, ಬುಡದಲ್ಲಿ ಮಳೆನೀರು ನಿಲ್ಲುವ ಒಂದು ಕುಂಟೆ. ಭಾನುವಾರ ಬಂದರೆ ಬೆಂಗಳೂರಿನಿಂದ ಜೀಪುಗಳೂ ದಪ್ಪ ಟೈರಿನ ಬೈಕುಗಳೂ ಬಂದು ಇಳಿಜಾರನ್ನು ಹತ್ತಿ ಇಳಿಯುತ್ತಿದ್ದವು. ಚಕ್ರ ಕಿತ್ತ ಮಣ್ಣು ಮಳೆಗೆ ಹರಿದು ಕುಂಟೆ ತುಂಬಿಕೊಂಡಿತು. ಉಳಿದ ಹುಲ್ಲನ್ನು ಕುರಿ, ದನ ಮುಗಿಸುತ್ತಿದ್ದವು. ಕೊನೆಗೆ ಊರವರೇ ಗ್ರಾಮಸಭೆಯಲ್ಲಿ ಒಪ್ಪಿದರು: ಬೇಲಿ ಬರಲಿ, ಹುಲ್ಲನ್ನು ಕೊಯ್ದು ಹೊತ್ತು ಒಯ್ಯೋಣ, ಒಳಗೆ ಬಿಟ್ಟು ಮೇಯಿಸುವುದು ಬೇಡ. ಬೇಲಿಯ ಕೆಲಸ ನಮ್ಮ ಸಂಸ್ಥೆಗೆ ಬಂತು, ಅದರ ಉಸ್ತುವಾರಿ ನನಗೆ.

ಒಳಗೆ ಉಳಿಯಬೇಕಾದದ್ದು ಹುಲ್ಲು ಮಾತ್ರವಲ್ಲ. ಗೌಜಲಹಕ್ಕಿ, ಟಿಟ್ಟಿಭ ಅಲ್ಲಿ ನೆಲದ ಮೇಲೇ ಮೊಟ್ಟೆಯಿಡುತ್ತವೆ. ಮೊಲಗಳಿವೆ. ಇಳಿಜಾರಿನ ಮಧ್ಯದ ಬಂಡೆಗುಂಪಿನ ಕೆಳಗೆ ಒಂದು ನರಿಯ ಬಿಲವಿತ್ತು. ಊರ ಹೊರಗೆ ಸಂಜೆ ಊಳಿಡುವ ದೊಡ್ಡ ಗುಳ್ಳೆನರಿಯಲ್ಲ. ಬೆಕ್ಕಿಗಿಂತ ಸ್ವಲ್ಪ ದೊಡ್ಡದಾದ, ಬಾಲದ ತುದಿ ಕಪ್ಪಾದ ಸಣ್ಣ ನರಿ. ಬೇಲಿ ಶುರುವಾದ ಹೊತ್ತಿಗೆ ಬಿಲದಲ್ಲಿ ಮರಿಗಳಿದ್ದವು. ತಾಯಿ ಬೇಟೆಗೆ ಹೋಗುತ್ತಿದ್ದುದು ಹೊರಗೆ, ಕೊಯ್ಲು ಮುಗಿದ ರಾಗಿಹೊಲಗಳಲ್ಲಿ ಇಲಿ ಹಿಡಿಯಲು. ಬೇಲಿಯಿಂದಾಚೆ ಆಹಾರ, ಈಚೆ ಮರಿ. ನನ್ನ ಕೆಲಸವೆಂದರೆ ಕುರಿ ಮತ್ತು ಜೀಪನ್ನು ತಡೆದು, ಅವಳನ್ನು ತಡೆಯದಿರುವುದು.

ಮುಳ್ಳಿನಲ್ಲಿದ್ದ ಕೂದಲು ಅವಳದು.

ಅದೇ ದಿನ ಕೆಲಸ ನಿಲ್ಲಿಸಿದೆ. ಕಂತ್ರಾಟುದಾರರು ದೊಡ್ಡಬಳ್ಳಾಪುರದವರು, ತಂದೆಯ ಕಾಲದಿಂದ ಕಲ್ಲುಕಂಬ ಮತ್ತು ತಂತಿಯ ವ್ಯಾಪಾರ. ಸಾಮಾನ್ಯವಾಗಿ ಎಲ್ಲ ತೋಟಗಳಿಗೂ ಹಾಕುವ ಹಾಗೆ ನಾಲ್ಕೂ ಎಳೆ ಮುಳ್ಳುತಂತಿ ಹಾಕಿದ್ದರು.

"ಮೇಡಂ, ಮುಳ್ಳಿಲ್ದೆ ಬೇಲಿ ಅಂದ್ರೆ ಖಾರ ಇಲ್ದಿರೋ ಬಿರಿಯಾನಿ," ಎಂದರು.

"ಮಧ್ಯದ ಎರಡು ಎಳೆ ಮುಳ್ಳಿರ್ಲಿ. ಮೇಲಿಂದು ನಯವಾದ ತಂತಿ. ಹಕ್ಕಿ ಬಂದು ಬಡಿದ್ರೂ ಸಿಕ್ಕಿಹಾಕ್ಕೋಬಾರ್ದು."

"ಕೆಳಗಿಂದು?"

ಕೆಳಗಿನದೇ ಕಷ್ಟ. ಆರು ಅಂಗುಲಕ್ಕಿಂತ ಎತ್ತರವಾದರೆ ಕುರಿಮರಿ ನುಸುಳುತ್ತದೆ. ಮರಿ ಹೋದಲ್ಲಿ ತಾಯಿಕುರಿ ಬೇಲಿಗೆ ಎದೆ ಕೊಟ್ಟು ತಳ್ಳುತ್ತದೆ. ಆರೇ ಅಂಗುಲವಾದರೆ ನರಿಯ ಬೆನ್ನು ಹರಿಯುತ್ತದೆ. ನಾನು ನಡುವಿನ ಉಪಾಯ ಹೂಡಿದೆ. ಕೆಳಗಿನ ಎಳೆ ಆರು ಅಂಗುಲದಲ್ಲೇ ಇರಲಿ. ಆದರೆ ಹತ್ತು ಕಂಬಕ್ಕೊಂದು ಕಡೆ ಅದನ್ನು ನಯವಾದ ತಂತಿಗೆ ಬದಲಿಸಿ ಒಂದಡಿಗೆ ಎತ್ತಿ, ಎರಡೂ ಪಕ್ಕ ಕಲ್ಲು ಜೋಡಿಸಿ, ಕುರಿಗೆ ಇಕ್ಕಟ್ಟಾಗುವ, ನರಿಗೆ, ಮೊಲಕ್ಕೆ ಸಲೀಸಾಗುವ ಕಂಡಿ ಬಿಡುವುದು. ಕಂಡಿಯಿರುವ ಕಂಬಗಳಿಗೆ ಸುಣ್ಣ ಬಳಿಸಿದೆ. ಬೆಳಗ್ಗೆ ಹೆಜ್ಜೆಗುರುತು ನೋಡಿಕೊಂಡು ಹೋಗುವಾಗ ದೂರದಿಂದಲೇ ಗೊತ್ತಾಗಲಿ ಎಂದು.

ಗಾಡಿಗಳ ಸಮಸ್ಯೆ ಬೇರೆ ಥರದ್ದು. ತಂತಿ ಬಿಗಿದ ಮೊದಲ ಭಾನುವಾರವೇ ಯಾರೋ ಕತ್ತರಿಸಿ ಒಳಗೆ ಹೋಗಿದ್ದರು. ಮತ್ತೆ ಬಿಗಿದೆವು, ಮತ್ತೆ ಕತ್ತರಿಸಿದರು. ಗುಂಡಿ ತೋಡಿಸೋಣ ಎಂದರು ಕಂತ್ರಾಟುದಾರರು. ಗುಂಡಿಗೆ ಬಿದ್ದ ಮೊಲ ಹತ್ತಿ ಬರಲಾರದು. ಹಾಗಾಗಿ ಜೀಪು ನುಗ್ಗುತ್ತಿದ್ದ ಮೂರು ಕಡೆ ತಂತಿಯ ಹೊರಗೆ ಗುಂಡುಕಲ್ಲುಗಳನ್ನು ಅರ್ಧ ಹೂತು ಎರಡು ಸಾಲು ಹಾಕಿಸಿದೆ. ಮುಂದಿನ ಸಾಲಿನ ಸಂದಿಗೆ ಹಿಂದಿನ ಸಾಲಿನ ಕಲ್ಲು ಅಡ್ಡ. ಬೈಕಿನ ಮುಂಚಕ್ರ ಒಳಗೆ ಬಂದರೂ ತಿರುಗಲು ಜಾಗವಿಲ್ಲ. ಎರಡು ಭಾನುವಾರ ಬಂದು ಪ್ರಯತ್ನಿಸಿದರು. ಒಬ್ಬ ಹ್ಯಾಂಡಲ್ ಬಾಗಿಸಿಕೊಂಡ. ಆಮೇಲೆ ಆ ಕಡೆ ಬರುವುದು ಕಡಿಮೆಯಾಯಿತು.

ಎಲ್ಲ ಸರಿಯಾಯಿತು ಎಂದುಕೊಂಡಿದ್ದೆ. ಕಂಡಿಗಳಲ್ಲಿ ನರಿಯ ಹೆಜ್ಜೆ ಮೂಡುತ್ತಿತ್ತು, ಹೋಗಿದ್ದೂ ಬಂದಿದ್ದೂ.

ಯುಗಾದಿಗೆ ವಾರವಿರುವಾಗ ಮೊದಲ ಉರುಳು ಸಿಕ್ಕಿತು. ಬೈಕಿನ ಕ್ಲಚ್ ಕೇಬಲ್ ಬಿಡಿಸಿ ತೆಗೆದ ಎಳೆ, ಕಂಡಿಯ ಪಕ್ಕದ ಕಲ್ಲಿಗೆ ಬಿಗಿದು, ಕುಣಿಕೆಯನ್ನು ಸರಿಯಾಗಿ ಮೊಲದ ತಲೆಯ ಎತ್ತರಕ್ಕೆ ನಿಲ್ಲಿಸಿದ್ದರು. ಅದರಲ್ಲಿ ಮೊಲವಿತ್ತು, ಸತ್ತು ಸೆಟೆದುಕೊಂಡಿತ್ತು. ಮುಂದಿನ ಸುಣ್ಣದ ಕಂಬಕ್ಕೆ ಓಡಿದೆ. ಅಲ್ಲೂ ಒಂದು ಉರುಳು, ಖಾಲಿ. ಅದರ ಮುಂದಿನದರಲ್ಲಿ ಉರುಳು ಬಿಗಿದಿತ್ತು, ಏನೋ ಜಗ್ಗಾಡಿ ಕೇಬಲ್ ತಿರುಚಿಕೊಂಡಿತ್ತು, ಕಲ್ಲು ಅರ್ಧ ಮಗುಚಿತ್ತು. ಸುಣ್ಣ ಬಳಿದ ಎಲ್ಲ ಕಂಬಕ್ಕೂ ಒಂದೊಂದು. ಸುಣ್ಣ ಬಳಿಯದ ಒಂದು ಕಡೆಯೂ ಇರಲಿಲ್ಲ.

ನಮ್ಮ ಕಡೆ ಯುಗಾದಿಯ ಮರುದಿನ ಹೊಸತೊಡಕು. ಮನೆಮನೆಯಲ್ಲೂ ಮಾಂಸದಡುಗೆ. ಮಟನ್ ಅಂಗಡಿಯ ಮುಂದೆ ಬೆಳಕು ಹರಿಯುವ ಮೊದಲೇ ಸಾಲು ನಿಲ್ಲುತ್ತದೆ. ಹಿಂದೆ ಆ ದಿನಕ್ಕೆ ಊರೂರೇ ಮೊಲದ ಬೇಟೆಗೆ ಹೋಗುತ್ತಿತ್ತಂತೆ. ಈಗ ಹೋಗುವವರು ಕಡಿಮೆ, ಆದರೆ ಇದ್ದಾರೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ನಾನು ಹುಟ್ಟಿ ಬೆಳೆದದ್ದು ದೇವನಹಳ್ಳಿಯ ಹತ್ತಿರ. ಕಂಡಿಗೆ ಸುಣ್ಣ ಬಳಿಯುವಾಗ ನೆನಪಾಗಿರಲಿಲ್ಲ, ಅಷ್ಟೆ.

ಉರುಳುಗಳನ್ನೆಲ್ಲ ಬಿಚ್ಚಿ ಅರಣ್ಯ ಸಿಬ್ಬಂದಿಗೆ ಒಪ್ಪಿಸಿದೆ. ಅವರು ಬಂದು ಜಾಗ ನೋಡಿ, ಹಬ್ಬದವರೆಗೆ ಒಂದೆರಡು ಸುತ್ತು ಬರುತ್ತೇವೆ ಎಂದು ಹೋದರು. ಆ ಸಂಜೆ ಬಂಡೆಯ ಮರೆಯಲ್ಲಿ ಕುಳಿತು ಬಿಲದ ಕಡೆ ನೋಡಿದೆ. ತಾಯಿನರಿ ಬಂತು. ಬಾಯಲ್ಲಿ ಇಲಿಯಿತ್ತು. ಮುಂದಿನ ಎಡಗಾಲನ್ನು ನೆಲಕ್ಕೆ ಪೂರ್ತಿ ಊರುತ್ತಿರಲಿಲ್ಲ.

ಮರುದಿನ ಊರ ಕ್ರಾಸಿನಲ್ಲಿರುವ ಬೈಕ್ ಗ್ಯಾರೇಜಿಗೆ ಹೋದೆ. ನನ್ನ ಸ್ಕೂಟರಿಗೆ ಗಾಳಿ ಹಾಕಿಸಿಕೊಳ್ಳುತ್ತಿದ್ದುದು ಅಲ್ಲೇ. ಗ್ಯಾರೇಜಿನವನು ಮಾತುಗಾರ, ನನ್ನನ್ನು ಕಂಡೊಡನೆ ಸ್ಟೂಲು ಒರೆಸಿಟ್ಟ. ಗೋಡೆಯ ಮೊಳೆಗೆ ಹಳೆಯ ಕೇಬಲ್‌ಗಳ ಗೊಂಚಲು ತೂಗುತ್ತಿತ್ತು.

"ಉರುಳು ಹಾಕಿದ್ದು ನೀವಾ?" ಎಂದೆ.

"ನಾನ್ಯಾಕ್ ಹಾಕ್ಲಿ ಮೇಡಂ? ಕೇಬಲ್ ಯಾವ್ ಗ್ಯಾರೇಜಲ್ಲಾದ್ರೂ ಸಿಗುತ್ತೆ." ಪಂಪು ಒತ್ತುತ್ತಲೇ ಇದ್ದ. "ಹಾಕಿದವ್ರು ಯಾರೋ ಗೊತ್ತಿಲ್ಲ. ಆದ್ರೆ ನಿಮ್ಗೆ ಥ್ಯಾಂಕ್ಸ್ ಹೇಳ್ಬೇಕು ಅಂತಿದ್ರು. ಮುಂಚೆ ಮೊಲ ಎಲ್ಲಿ ನುಗ್ಗುತ್ತೆ ಅಂತ ಹುಡುಕಿ ಹುಡುಕಿ ಸಾಕಾಗೋದು. ಈಗ ನೀವೇ ಸುಣ್ಣ ಹೊಡ್ದು ಬಸ್ ಸ್ಟಾಪ್ ಮಾಡಿಟ್ಟಿದ್ದೀರಲ್ಲ."

ಪಕ್ಕದಲ್ಲಿ ಟೀ ಕುಡಿಯುತ್ತಿದ್ದವರು ನಕ್ಕರು.

"ಅಲ್ಲೊಂದು ನರಿ ಇದೆ, ಮರಿ ಹಾಕಿದೆ," ಎಂದೆ.

"ನರಿ ಯಾರ್ ತಿಂತಾರೆ ಮೇಡಂ?"

"ಉರುಳಿಗೆ ಅದು ಗೊತ್ತಾಗಲ್ವಲ್ಲ."

ಅವನು ಪಂಪು ನಿಲ್ಲಿಸಿ ವಾಲ್ವಿನ ಮುಚ್ಚಳ ತಿರುಗಿಸಿದ. "ಹೊಸತೊಡಕಿಗೆ ಊಟಕ್ಕೆ ಬನ್ನಿ," ಎಂದ.

ಹೊಸ ಉರುಳು ಬರುವುದು ಖಚಿತವಿತ್ತು. ಮಧ್ಯಾಹ್ನ ನಮ್ಮ ನಿರ್ದೇಶಕರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಕೆಟ್ಟವರಲ್ಲ, ಅವಸರದವರು. ಹಬ್ಬ ಕಳೆದ ಮೇಲೆ ಬೇಲಿಗೆ ನೆರವು ಕೊಟ್ಟವರು ನೋಡಲು ಬರುವವರಿದ್ದರು.

"ಕಂಡಿಗಳನ್ನ ಮುಚ್ಚಿಬಿಡಿ," ಎಂದರು. "ಇಡೀ ಲೈನಿಗೆ ಕೆಳಗೆ ಮೆಶ್ ಹೊಡೆಸಿ. ಮೊಲಾನೂ ಸೇಫ್, ಕುರಿ ಕಾಟಾನೂ ಇಲ್ಲ. ನೋಡೋಕೂ ಗಟ್ಟಿಯಾಗಿರುತ್ತೆ."

"ತಾಯಿ ಹೊರಗೆ ಹೋಗೋದು ಹೇಗೆ ಸಾರ್?"

"ಅದು ನರಿ. ಹೇಗೋ ದಾಟುತ್ತೆ."

"ಕೆಳಗೆ ಕಲ್ಲಿದೆ. ಕೆರೆಯಕ್ಕಾಗಲ್ಲ. ಒಂದು ಸಲ ಪ್ರಯತ್ನ ಮಾಡಿ ಬೆನ್ನು ಹರ್ಕೊಂಡಿದೆ."

"ನೀವು ಸ್ವಲ್ಪ ಭಾವುಕರಾಗ್ತಿದ್ದೀರಿ."

"ಇಲ್ಲ ಸಾರ್. ಅಳತೆ ಹೇಳ್ತಿದ್ದೀನಿ."

ಸಂಜೆಯ ಹೊತ್ತಿಗೆ ನಿರ್ದೇಶಕರು ಕಳಿಸಿದ ಮೆಶ್, ಸಣ್ಣ ಕಣ್ಣಿನ ತಂತಿಬಲೆಯ ಸುರುಳಿಗಳು ಬಂದು ಗೇಟಿನ ಪಕ್ಕ ಇಳಿದವು. ಅವುಗಳ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ನಿಂತೆ. ಕಂಡಿ ಮುಚ್ಚಿದರೆ ಮರಿಗಳಿಗೆ ಹಸಿವು. ಬಿಟ್ಟರೆ ತಾಯಿಗೆ ಉರುಳು. ತಪ್ಪು ಇರುವುದು ಕಂಡಿಯಲ್ಲಿ ಅಂತ ಆಗ ಅನಿಸಿತು, ಅದರ ಎತ್ತರದಲ್ಲಲ್ಲ. ದಾರಿ ಗೊತ್ತುಮಾಡಿದ ಕಡೆ ಮಾತ್ರ ಇರುವುದರಿಂದ ಅಲ್ಲಿ ಉರುಳು ನಿಲ್ಲುತ್ತದೆ. ಇಡೀ ಬೇಲಿಯೇ ದಾರಿಯಾದರೆ? ಹೊಲದ ಕಡೆಯ ಉದ್ದಕ್ಕೂ ಕೆಳಗಿನ ಮುಳ್ಳುತಂತಿಯನ್ನು ಕಿತ್ತು, ನಯವಾದ ತಂತಿಯನ್ನು ಒಂದಡಿ ಮೇಲೆ ಒಂದೇ ಸಮ ಎಳೆದರೆ, ಮುಕ್ಕಾಲು ಕಿಲೋಮೀಟರಿನಲ್ಲಿ ಎಲ್ಲಿ ಬೇಕಾದರೂ ಅವಳು ದಾಟಬಹುದು. ಅಷ್ಟು ಉದ್ದಕ್ಕೆ ಉರುಳು ಹಾಕುವವರಿಲ್ಲ.

ಉಳಿದದ್ದು ಕುರಿಮರಿ.

ಕಾವಲಿನ ಪಕ್ಕದಲ್ಲೇ ಕುರಿಹಟ್ಟಿಯಿತ್ತು. ಕುರಿಗಳ ಒಡತಿ ಅರವತ್ತು ದಾಟಿದ ಹೆಂಗಸು, ಗಟ್ಟಿ ಧ್ವನಿ. ಬೇಲಿಯ ಮೇಲೆ ಆಕೆಗೆ ಮೊದಲಿಂದ ಸಿಟ್ಟು. ನಾನು ಹೋದಾಗ ಸೊಸೆಯ ಜೊತೆ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದರು. ಮೂರೇ ಕಾಲಿನ ನಾಯಿಯೊಂದು ಎದ್ದು ಬೊಗಳಿತು. ಕೆಳಗಿನ ತಂತಿ ಬಿಚ್ಚಬೇಕು ಎಂದೆ.

"ಏನವ್ವಾ, ಅವತ್ತು ಬೇಲಿ ಹಾಕ್ತೀನಿ ಅಂತ ಬಂದೆ. ಇವತ್ತು ಬಿಚ್ತೀನಿ ಅಂತ ಬಂದಿದ್ದೀಯ. ನಾಳೆ ಏನು, ಬಣ್ಣ ಹೊಡೀತೀಯಾ?"

"ಬಣ್ಣ ಹೊಡೆದೇ ಕೆಟ್ಟಿದ್ದಮ್ಮ," ಎಂದೆ. ಉರುಳಿನ ವಿಷಯ ಹೇಳಿದೆ.

ಆಕೆ ಸೊಪ್ಪು ಕಟ್ಟುವುದನ್ನು ನಿಲ್ಲಿಸಿ ನಾಯಿಯ ಕಡೆ ನೋಡಿದರು. "ಹೋದೊರ್ಷ ಹೊಸತೊಡಕಿಗೇ ಇದ್ರ ಕಾಲು ಹೋಗಿದ್ದು. ಯಾರ್ ಹಾಕಿದ್ರು ಅಂತ ಊರಿಗೆಲ್ಲ ಗೊತ್ತು. ಯಾರೂ ಬಾಯಿ ಬಿಡ್ಲಿಲ್ಲ. ನಾಯಿ ಅಲ್ವಾ ಬಿಡಮ್ಮ ಅಂದ್ರು."

"ತಂತಿ ಒಂದಡಿಗೆ ಎತ್ತಿದ್ರೆ ನಿಮ್ಮ ಮರಿ ಒಳಗೆ ಹೋಗುತ್ತೆ. ಅದಕ್ಕೆ ಕೇಳೋಕೆ ಬಂದೆ."

"ಮರಿ ಹೋದ್ರೆ ತಾಯಿ ಅರಚ್ತಾ ಬೇಲಿ ಮುರೀತದೆ. ಆಮೇಲೆ ನೀನು ನನ್ನ ಮೇಲೆ ಕಂಪ್ಲೇಂಟ್ ಕೊಡ್ತೀಯ."

"ಕೊಡಲ್ಲ."

"ಎಲ್ರೂ ಹಂಗೇ ಹೇಳೋದು." ಸೊಪ್ಪಿನ ಕಟ್ಟನ್ನು ಗಳಕ್ಕೆ ಬಿಗಿದರು. "ಆ ಕಡೆ ಹೊಡ್ಕೊಂಡು ಹೋಗುವಾಗ ಮರಿಗಳ್ನ ಹಟ್ಟೀಲೇ ಬಿಡ್ತೀನಿ. ಮಳೆ ಬೀಳೋ ಹೊತ್ಗೆ ದೊಡ್ಡವಾಗ್ತವೆ, ತಂತಿ ಕೆಳಗೆ ಹಿಡ್ಸಲ್ಲ. ಆದ್ರೆ ನನ್ದೂ ಒಂದಿದೆ. ನಿನ್ನ ಗೇಟು ಎಲ್ಲೋ ಆ ತುದೀಲಿ ಮಡ್ಗಿದ್ದೀಯ. ಹುಲ್ಲು ಹೊರೆ ಹೊತ್ಕೊಂಡು ಅಷ್ಟು ದೂರ ಸುತ್ತಕ್ಕೆ ನನ್ನ ಮಂಡಿ ಕೇಳಲ್ಲ. ಹಟ್ಟಿ ಹತ್ರ ತಂತಿಗೆ ಎರಡೂ ಕಡೆ ಮೆಟ್ಟಿಲು ಕಲ್ಲು ಹಾಕ್ಸು. ಹೊರೆ ಆಚೆ ಎಸ್ದು, ನಾನು ಹತ್ತಿ ಇಳೀತೀನಿ."

"ನಾಳೇನೇ ಹಾಕ್ತೀನಿ."

"ಹಾಕ್ಸಲ್ವಾ? ನೀನೇ ಹಾಕ್ತೀಯಾ?" ಎಂದು ನನ್ನ ಕೈ ನೋಡಿ ಸೊಸೆಯ ಕಡೆ ತಿರುಗಿದರು. "ಕೇಳ್ದೇನೇ?"

ನಿರ್ದೇಶಕರಿಗೆ ಆ ರಾತ್ರಿ ಒಂದೇ ಸಾಲು ಬರೆದೆ: ಮೆಶ್ ಹಾಕುವುದಿಲ್ಲ, ಕೆಳಗಿನ ತಂತಿಯನ್ನು ಒಂದಡಿಗೆ ಎತ್ತುತ್ತಿದ್ದೇನೆ. ಬೆಳಗ್ಗೆ ಕಂತ್ರಾಟುದಾರರು ಬಂದಾಗ ಅವರಿಗೆ ಆಗಲೇ ಮೇಲಿಂದ ಫೋನ್ ಹೋಗಿತ್ತು.

"ಮೇಡಂ, ಸಾರ್ ಹೇಳಿಬಿಟ್ಟಿದ್ದಾರೆ. ನಾನು ಮಾಡಿದ್ರೆ ನನ್ನ ಕೆಲಸ ಹೋಗುತ್ತೆ. ಹುಡುಗ್ರೂ ಹಬ್ಬಕ್ಕೆ ಊರಿಗೆ ಹೊರಟ್ರು." ಗಾಡಿಯಿಂದ ತಂತಿ ಬಿಗಿಯುವ ಪುಲ್ಲರನ್ನೂ ಕಟಿಂಗ್ ಪ್ಲೇಯರನ್ನೂ ಇಳಿಸಿ ಕಂಬಕ್ಕೆ ಒರಗಿಸಿಟ್ಟರು. "ಇವನ್ನ ನಾನು ಇಲ್ಲೇ ಮರ್ತು ಹೋಗಿದ್ದೀನಿ. ಅರ್ಥ ಆಯ್ತಲ್ಲ? ಪೂರಾ ಬಿಗೀಬೇಡಿ. ಬಿಸಿಲಿಗೆ ತಂತಿ ಹಿಗ್ಗುತ್ತೆ, ಚಳೀಲಿ ಎಳ್ಕೊಳ್ಳುತ್ತೆ. ಬೆರಳಲ್ಲಿ ಮೀಟಿದ್ರೆ ಶಬ್ದ ಬರ್ಬೇಕು, ಅಷ್ಟೇ."

ಹಬ್ಬದ ಹಿಂದಿನ ದಿನದವರೆಗೂ ಮಾಡಿದೆವು. ಮೊದಲ ದಿನ ಬೆಳಗ್ಗೆ ನಾನೊಬ್ಬಳೇ. ಮಧ್ಯಾಹ್ನದ ಹೊತ್ತಿಗೆ ಸೊಸೆ ಬಂದಳು, ಮಾರನೆಯ ದಿನ ಅತ್ತೆಯೂ. ಪ್ರತಿ ಕಂಬದಲ್ಲೂ ಬೈಂಡಿಂಗ್ ವೈರ್ ಕತ್ತರಿಸಿ ಮುಳ್ಳಿನ ಎಳೆ ಬಿಡಿಸಬೇಕು. ಬಿಟ್ಟೊಡನೆ ಅದು ಹಾವಿನ ಹಾಗೆ ಸುರುಳಿ ಸುತ್ತಿ ಮುಖಕ್ಕೆ ಬರುತ್ತದೆ. ಒಬ್ಬರು ಅದರ ಮೇಲೆ ಕಾಲಿಟ್ಟು ನಿಲ್ಲಬೇಕು. ಅದರ ಜಾಗಕ್ಕೆ, ಮೇಲಿನ ಎಳೆಗೆಂದು ತರಿಸಿ ಮಿಕ್ಕಿದ್ದ ನಯವಾದ ತಂತಿ ಎಳೆದೆವು. ಒಂದಡಿ ಉದ್ದಕ್ಕೆ ಕತ್ತರಿಸಿದ ಕೋಲು ಹಿಡಿದು ಸೊಸೆ ಎತ್ತರ ನೋಡುತ್ತಿದ್ದಳು. ನೆಲ ತಗ್ಗಿದಲ್ಲಿ ತಂತಿಯೂ ತಗ್ಗಬೇಕು, ಉಬ್ಬಿದಲ್ಲಿ ಉಬ್ಬಬೇಕು. ನೇರ ಎಳೆದರೆ ಒಂದು ಕಡೆ ಕುರಿ ನುಗ್ಗುತ್ತದೆ, ಇನ್ನೊಂದು ಕಡೆ ನರಿ ಸಿಕ್ಕಿಕೊಳ್ಳುತ್ತದೆ. ಕಂಡಿಯ ಪಕ್ಕಗಲ್ಲುಗಳನ್ನು ಉರುಳಿಸಿ ತಂದು ಹಟ್ಟಿಯ ಬಳಿ ಮೆಟ್ಟಿಲು ಮಾಡಿದೆವು. ಕೊನೆಗೆ ಕುಂಟೆಯ ನೀರು ತಂದು ತೆಂಗಿನ ನಾರಿನಲ್ಲಿ ಕಂಬಗಳ ಸುಣ್ಣ ಉಜ್ಜಿದೆವು. ಪೂರ್ತಿ ಹೋಗದ ಕಡೆ ಕೆಮ್ಮಣ್ಣು ಬಳಿದೆವು. ಒಂದು ಕಂಬಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಕಾಣಬಾರದು.

ಹೊಸತೊಡಕಿನ ದಿನ ಗ್ಯಾರೇಜಿನವನು ಇಬ್ಬರು ಗೆಳೆಯರ ಜೊತೆ ಬಂದ. ಬಚ್ಚಿಡುವಂಥದ್ದು ಏನೂ ಇಲ್ಲ ಎನ್ನುವ ಹಾಗೆ ಹೊಲದ ಬದುವಿನ ಮೇಲೆ ಬೈಕು ನಿಲ್ಲಿಸಿ, ಬೇಲಿಯ ಪಕ್ಕ ನಡೆಯುತ್ತಾ ಬಂದರು. ನಾನು ಮೆಟ್ಟಿಲುಗಲ್ಲಿನ ಮೇಲೆ ಕುಳಿತಿದ್ದೆ. ಕುರಿಯ ಒಡತಿ ಹಟ್ಟಿಯ ಮುಂದೆ ನಿಂತಿದ್ದರು, ನಾಯಿ ಪಕ್ಕದಲ್ಲಿ.

"ಬಸ್ ಸ್ಟಾಪ್ ಎಲ್ಲ ಏನಾಯ್ತು ಮೇಡಂ?" ಎಂದ.

"ತೆಗೆದೆ."

"ಮತ್ತೆ ನಿಮ್ಮ ನರಿ ಎಲ್ಲಿಂದ ದಾಟುತ್ತೆ?"

"ಎಲ್ಲಿಂದ ಬೇಕಾದ್ರೂ."

ಅವನು ಬಗ್ಗಿ ಕೆಳಗಿನ ತಂತಿಯನ್ನು ಬೆರಳಲ್ಲಿ ಮೀಟಿದ. ಬೇಲಿಯ ಆ ತುದಿಯಿಂದ ಈ ತುದಿಯವರೆಗೆ ನೋಡಿದ. ಗೆಳೆಯನೊಬ್ಬ, "ಗುರು, ಬಾರೋ, ಮಟನ್ ಅಂಗ್ಡಿ ಖಾಲಿಯಾಗ್ಬಿಡುತ್ತೆ," ಎಂದ.

"ಬೇಲಿ ನಿಮ್ದಾ, ನರಿದಾ?" ಎಂದು ನನ್ನನ್ನು ಕೇಳಿದ.

ನಾನು ಉತ್ತರಿಸುವ ಮೊದಲೇ ಹಟ್ಟಿಯ ಮುಂದಿನಿಂದ ಕುರಿಯ ಒಡತಿ ಕೂಗಿದರು: "ಲೇ, ಈ ನಾಯಿ ಕಾಲು ತೆಗ್ದಿದ್ ಉರುಳು ಯಾರ್ದು ಅಂತ ಮೊದ್ಲು ಹೇಳ್ಹೋಗೋ."

ಗೆಳೆಯರು ಬೇರೆ ಕಡೆ ನೋಡಿದರು. ಅವನ ಕೈ ಪ್ಯಾಂಟಿನ ಜೇಬಿಗೆ ಹೋಯಿತು. ಜೇಬಿನಲ್ಲಿ ಏನಿತ್ತೋ ಅದು ಹೊರಗೆ ಬರಲಿಲ್ಲ. ಮೂವರೂ ಒಂದೇ ಬೈಕಿನಲ್ಲಿ ಹೋದರು.

ಸಂಜೆ ನಿರ್ದೇಶಕರ ಫೋನ್ ಬಂತು. ಕೋಪ ಮಾಡಲಿಲ್ಲ, ಅದಕ್ಕಿಂತ ಕಷ್ಟದ್ದು ಮಾಡಿದರು, ಸೌಜನ್ಯದಿಂದ ಮಾತಾಡಿದರು. "ಸರಿ, ನೀವು ಹೇಳಿದ ಹಾಗೇ ಆಗ್ಲಿ. ಆದ್ರೆ ಸಾಕ್ಷಿ ಬೇಕು. ನಾಳೆ ಬೆಳಗ್ಗೆ ಹೆಜ್ಜೆಗುರುತಿನ ಫೋಟೊ, ಲೊಕೇಷನ್ ಜೊತೆ ಕಳಿಸಿ. ನಮ್ಮ ಪೇಜಿಗೂ ಹಾಕೋಣ, ಬರೋ ಅತಿಥಿಗಳಿಗೂ ತೋರಿಸೋಣ. ಫೋಟೊ ಬರ್ಲಿಲ್ಲ ಅಂದ್ರೆ ಮಧ್ಯಾಹ್ನ ಬೇರೆ ಕಂತ್ರಾಟುದಾರರನ್ನ ಕಳಿಸ್ತೀನಿ. ಮೆಶ್ ಅಲ್ಲೇ ಇದೆಯಲ್ಲ."

ಬೆಳಕು ಹರಿಯುವಾಗ ಹೊಲದ ಕಡೆಯ ಬೇಲಿಯುದ್ದಕ್ಕೂ ನಡೆದೆ. ಹೆಜ್ಜೆ ಇತ್ತು. ಸಣ್ಣ, ಒತ್ತಾದ ಗುರುತುಗಳು, ಎಡ ಮುಂಗಾಲಿನದು ಸ್ವಲ್ಪ ತೆಳು. ಹೊರಗೆ ಹೋದದ್ದು ಒಂದು ಕಡೆ, ಒಳಗೆ ಬಂದದ್ದು ಬಹಳ ದೂರದ ಇನ್ನೊಂದು ಕಡೆ. ತಂತಿಯಲ್ಲಿ ಒಂದು ಕೂದಲೂ ಇರಲಿಲ್ಲ. ಮೊಬೈಲ್ ಹೊರಗೆ ತೆಗೆಯಲಿಲ್ಲ. ಬಂದರೆ ಗಿಡದಿಂದ ಒಂದು ರೆಂಬೆ ಮುರಿದು, ಎರಡೂ ಕಡೆಯ ಹೆಜ್ಜೆಗಳನ್ನು ಗುಡಿಸಿ ಹಾಕಿದೆ. ಆಮೇಲೆ ನಿರ್ದೇಶಕರಿಗೆ ಬರೆದೆ: ದಾಟಿದೆ. ಎಲ್ಲಿ ಎಂದು ಹೇಳಿದರೆ ಅಲ್ಲೇ ಉರುಳು ಬೀಳುತ್ತದೆ, ಅದಕ್ಕೇ ಯಾರಿಗೂ ಹೇಳುವುದಿಲ್ಲ. ನಂಬಿಕೆಯಿಲ್ಲದಿದ್ದರೆ ನಾಳೆ ಬೆಳಗಿನ ಜಾವ ನೀವೇ ಬನ್ನಿ, ಕ್ಯಾಮೆರಾ ತರಬೇಡಿ.

ಕಂತ್ರಾಟುದಾರರು ಮರೆತುಹೋದ ಪುಲ್ಲರ್ ಒಯ್ಯಲು ತಮ್ಮ ಪುಟ್ಟ ಟೆಂಪೋದಲ್ಲಿ ಬಂದರು. ಹಿಂದಿನ ಹಲಗೆ ಇಳಿಸಲು ಹೇಳಿ, ಮೆಶ್ ಸುರುಳಿಯ ಒಂದು ತುದಿಗೆ ನಾನು ಕೈಹಾಕಿದೆ.

"ಸಾರ್ ಕೇಳಿದ್ರೆ ಏನು ಹೇಳ್ಲಿ?" ಎಂದರು, ಇನ್ನೊಂದು ತುದಿ ಹಿಡಿಯುತ್ತಾ.

"ನಾನು ವಾಪಸ್ ಕಳಿಸ್ದೆ ಅಂತ ಹೇಳಿ."

ಎಲ್ಲ ಸುರುಳಿಗಳನ್ನೂ ಹತ್ತಿಸಿ, ಹಲಗೆಯ ಕೊಂಡಿ ಹಾಕಿದೆ.